ಕುರಿಯೂ ಮೇಯಲಿ, ಹುಲ್ಲೂ ಬೇರು ಬಿಡಲಿ

ಐಮಂಗಲದ ಹತ್ತಿರ ಒಂದು ಹಟ್ಟಿ. ಅಲ್ಲಿ ಕರಿಯಣ್ಣ, ಬೋರಕ್ಕ ಎಂಬ ಗಂಡ ಹೆಂಡತಿ. ಅವರಿಗೆ ಅರವತ್ತು ಕುರಿ. ಹಟ್ಟಿಯ ಆರು ಮನೆಯವರ ಕುರಿಗಳೂ ಮೇಯುವುದು ಗೋಮಾಳದ ಗುಡ್ಡದಲ್ಲೇ. ಮಳೆ ಬಿದ್ದು ಹುಲ್ಲು ಎರಡು ಎಸಳು ಬಿಡುವಷ್ಟರಲ್ಲಿ ಆರೂ ಮಂದೆಗಳು ಅದರ ಮೇಲೆ ಬೀಳುತ್ತಿದ್ದವು. ವರ್ಷ ವರ್ಷಕ್ಕೂ ಗುಡ್ಡದಲ್ಲಿ ಕಲ್ಲೇ ಎದ್ದು ಕಾಣತೊಡಗಿತು.

2006ರಲ್ಲಿ, ಯುಗಾದಿ ಕಳೆದ ಮೇಲೆ, ಹಿರಿಯೂರಿನಿಂದ ಅನುಸೂಯ ಎಂಬ, ಒಂದು ಸಂಸ್ಥೆಯ ಕಾರ್ಯಕರ್ತೆ ಬಂದರು. ಕುರಿ ಸಾಕುವವರನ್ನೆಲ್ಲ ಹುಣಸೇಮರದ ಕೆಳಗೆ ಕೂರಿಸಿದರು.

"ಹೊಗೆಯಾಗೆ ಕಾರ್ಬನ್ ಅಂತ ಇರ್ತೈತೆ. ಅದು ಗಾಳಿಗೆ ಸೇರಿ ಸೇರಿ ಭೂಮಿ ಕಾಯ್ತಾ ಐತೆ. ಹುಲ್ಲು ಅದನ್ನ ಎಳ್ಕಂಡು ಬೇರಿಗೆ ಇಳಿಸ್ತೈತೆ. ಬೇರು ಕೊಳೆತ್ರೆ ಮಣ್ಣಾಗೆ ಉಳೀತೈತೆ. ಅಂಥಾ ಮಣ್ಣು ನೀರು ಹಿಡೀತೈತೆ. ಇದೇ ಕಾರ್ಬನ್ ಬೇಸಾಯ."

ಕರಿಯಣ್ಣ ಎದ್ದು ನಿಂತ. "ಅಂದ್ರೆ ಇನ್ಮ್ಯಾಲೆ ಕುರಿ ಬಿಡಬ್ಯಾಡ ಅಂತೀರೇನಮ್ಮ?"

"ಇಲ್ಲಣ್ಣ, ಕುರಿ ಬೇಕು. ಅದರ ಹಿಕ್ಕೆಯೇ ಗೊಬ್ಬರ. ಮೇಯ್ದ ಮ್ಯಾಲೆ ಹುಲ್ಲಿಗೆ ಬಿಡುವು ಕೊಡ್ರಿ ಅಂತೀನಿ. ಗುಡ್ಡ ನಾಲ್ಕು ಪಾಲು ಮಾಡಾಣ. ಒಂದ್ರಾಗೆ ಮೇಸ್ರಿ, ಮೂರು ಪಾಲು ಸುಮ್ಕೆ ಬಿಡ್ರಿ. ಸರದಿ ಮ್ಯಾಲೆ ತಿರುಗ್ಸಾಣ."

"ಆಚೆ ಗುಡ್ಡಕ್ಕೆ ನೀಲಗಿರಿ ನೆಟ್ಟಾಗ್ಲೂ ಹಿಂಗೇ ಹೇಳಿದ್ರು. ಆಮ್ಯಾಕೆ ಕಂದಕ ತೋಡಿದ್ರು. ಒಂದು ಮರೀನೂ ಒಳಗೆ ಬಿಡ್ಲಿಲ್ಲ."

ಕರಿಯಣ್ಣ ಹೇಳಿದ್ದು ಸುಳ್ಳಲ್ಲ ಎಂದು ಅನುಸೂಯ ಅವರಿಗೂ ಗೊತ್ತಿತ್ತು.

ಆಗ ಬೋರಕ್ಕ ಬಾಯಿ ಬಿಟ್ಟಳು. "ಹಂಗಾರೆ ಬರ್ದು ಕೊಡ್ರಿ. ಬೇಲಿ ಹಾಕಂಗಿಲ್ಲ. ಯಾವ ಪಾಲು ಯಾವಾಗ ಅಂತ ಹೇಳೋರು ಕುರಿಯೋರೇ. ಹಿಂಗೆ ಬರ್ದಿದ್ರೆ ಹೆಬ್ಬೆಟ್ಟು ಒತ್ತೀವಿ."

ಹತ್ತು ದಿನ ಬಿಟ್ಟು ಅನುಸೂಯ ಹಾಗೆಯೇ ಬರೆದ ಕಾಗದ ತಂದರು. ಬೋರಕ್ಕ ಅದನ್ನು ಎರಡು ಸಲ ಓದಿಸಿ ಕೇಳಿದಳು. ಮಣ್ಣಿನಲ್ಲಿ ಕಾರ್ಬನ್ ಉಳಿಸಿದ್ದಕ್ಕೆ ಹೊಗೆ ಬಿಡುವ ಕಂಪನಿಗಳು ಕೊಡುವ ಹಣ ಬಂದರೂ ಬರಬಹುದು, ಬರದೆಯೂ ಇರಬಹುದು, ಅದಕ್ಕೆ ವರ್ಷಗಳು ಬೇಕು ಎಂದೂ ಅನುಸೂಯ ಮುಚ್ಚುಮರೆಯಿಲ್ಲದೆ ಹೇಳಿದರು. "ಹುಲ್ಲು ಬಂದ್ರೆ ಸಾಕ್ರಿ" ಎಂದಳು ಬೋರಕ್ಕ. ಆರು ಮನೆಯವರೂ ಒಪ್ಪಿದರು. ಕರಿಯಣ್ಣ ಮಾತ್ರ ಅರೆಮನಸ್ಸಿನಲ್ಲೇ ಹೆಬ್ಬೆಟ್ಟು ಒತ್ತಿದ.

ಮೊದಲ ಮಳೆ ಚೆನ್ನಾಗಿಯೇ ಬಂತು. ಆಮೇಲೆ ಹದಿನೆಂಟು ದಿನ ಮೋಡ ಕಾಣಲಿಲ್ಲ. ಸರದಿಯ ಪಾಲಿನಲ್ಲಿ ಹುಲ್ಲು ಮುಗಿಯಿತು. ಪಕ್ಕದ ಪಾಲಿನಲ್ಲಿ ಮೊಣಕಾಲುದ್ದ ಹುಲ್ಲು ನಿಂತಿತ್ತು. ಕುರಿಗಳು ಅತ್ತಲೇ ನೋಡಿ ಅರಚುತ್ತಿದ್ದವು. ಕರಿಯಣ್ಣನಿಗೆ ತಡೆಯಲಾಗಲಿಲ್ಲ. ಒಂದು ಬೆಳಿಗ್ಗೆ ಮಂದೆಯನ್ನು ಅತ್ತ ಹೊಡೆದ.

ಅದನ್ನು ಅದೇ ಹಟ್ಟಿಯ ಪಾಪಣ್ಣ ನೋಡಿದ. ಮಾರನೆಯ ದಿನ ಅವನೂ ತನ್ನ ಕುರಿಗಳನ್ನು ಅತ್ತ ಹೊಡೆದ. ಒಬ್ಬರ ಹಿಂದೆ ಒಬ್ಬರು ಹೋದರು. ಐದೇ ದಿನಕ್ಕೆ ಆ ಪಾಲು ಬರೀ ಧೂಳಾಯಿತು.

ವಿಷಯ ತಿಳಿದ ಬೋರಕ್ಕ ಗಂಡನನ್ನು ಬೈಯಲಿಲ್ಲ. "ಬರ್ದು ಕೊಡ್ರಿ ಅಂತ ಕೇಳ್ದೋಳು ನಾನು. ಇವತ್ತು ಆ ಅಮ್ಮನ ಮುಖ ಹೆಂಗೆ ನೋಡ್ಲಿ?" ಎಂದಷ್ಟೇ ಹೇಳಿದಳು. ಆ ಮಾತು ಕರಿಯಣ್ಣನಿಗೆ ಬೈಗುಳಕ್ಕಿಂತ ಹೆಚ್ಚು ನಾಟಿತು.

ಮತ್ತೆ ಸಭೆ ಸೇರಿದಾಗ ಪಾಪಣ್ಣನೇ ಮೊದಲು ಹೊಡೆದವನು ಎಂದುಕೊಂಡು ಉಳಿದವರು ಅವನ ಕಡೆ ಬೆರಳು ತೋರಿಸಿದರು. ಕರಿಯಣ್ಣ ಎದ್ದ. "ಪಾಪಣ್ಣನ್ನ ಅನ್ನಬ್ಯಾಡ್ರಿ. ಮೊದ್ಲು ಬಿಟ್ಟೋನು ನಾನು."

ಅನುಸೂಯ ಅವನ ಕಡೆ ತಿರುಗಿ ಕೇಳಿದರು, "ಕರಿಯಣ್ಣ, ಮೇವಿಗೆ ಎಷ್ಟು ದಿನ ಕಷ್ಟ ಆತು?"

"ಒಂದು ಹದಿನೈದು ದಿನ ಅಷ್ಟೇ ತಾಯಿ."

"ಹಂಗಾರೆ ತಪ್ಪು ನಂದೂ ಐತೆ. ಆ ಹದಿನೈದು ದಿನಕ್ಕೆ ಏನು ಅಂತ ನಾನು ಯೋಚನೆ ಮಾಡ್ಲಿಲ್ಲ."

ದಾರಿ ತೋರಿಸಿದವಳು ಬೋರಕ್ಕ. "ಪಂಚಾಕ್ಷರಪ್ಪಾರ ತೆಂಗಿನ ತೋಟಕ್ಕೆ ಗೊಬ್ಬರ ಬೇಕಂತೆ. ಅವರ ತಾವ ಶೇಂಗಾ ಹೊಟ್ಟು ಬೇಕಾದಷ್ಟು ಐತೆ. ಕೇಳಾಣ ನಡೀರಿ."

ಪಂಚಾಕ್ಷರಪ್ಪ ನಗುತ್ತಲೇ ಒಪ್ಪಿದರು. "ಮಂದೆ ತಂದು ನಿಲ್ಲಿಸ್ರಿ. ಹೊಟ್ಟು ನಂದು, ಹಿಕ್ಕೆ ನಂದು!"

ಅಂದಿನಿಂದ ಮೇವು ಕಡಿಮೆಯಾದಾಗಲೆಲ್ಲ ಕುರಿಗಳು ತೋಟಕ್ಕೆ ಹೋದವು. ಗುಡ್ಡದ ಸರದಿ ತಪ್ಪಲಿಲ್ಲ.

ಮೂರನೆಯ ವರ್ಷ ಅನುಸೂಯ ಮಣ್ಣಿನ ಪರೀಕ್ಷೆಗೆ ಬಂದರು. ನೀಲಗಿರಿ ಗುಡ್ಡದ ಕಂದಕದ ಹೊರಗೆ, ಸರದಿಯಿಲ್ಲದೆ ದಿನಾಲೂ ಮೇಯುವ ಜಾಗದಿಂದ ಒಂದು ಬುಡ ಹುಲ್ಲು ಅಗೆದರು. ಬೇರು ಒಂದು ಗೇಣೂ ಇರಲಿಲ್ಲ. ಬಿಡುವು ಕೊಟ್ಟ ಪಾಲಿನಲ್ಲಿ ಕರಿಯಣ್ಣನೇ ಗುದ್ದಲಿ ಹಿಡಿದ. ಅಗೆದಷ್ಟೂ ಬೇರು ಕೆಳಗಿಳಿದಿತ್ತು. ಮೊಳದುದ್ದವಾದರೂ ತುದಿ ಸಿಗಲಿಲ್ಲ. ಅವನು ಮಣ್ಣನ್ನು ಅಂಗೈಯಲ್ಲಿ ಹಿಂಡಿ ನೋಡಿದ. ಮಳೆ ನಿಂತು ಎಂಟು ದಿನವಾಗಿದ್ದರೂ ಮಣ್ಣು ಉಂಡೆ ಕಟ್ಟಿತು.

"ಲೇ ಪಾಪಣ್ಣ, ಬಾರೋ ಇಲ್ಲಿ! ಮಣ್ಣು ಇನ್ನೂ ತಂಪೈತೆ ನೋಡೋ!" ಎಂದು ಕೂಗಿದ.

ಈಗ ಆ ಹಟ್ಟಿಯಲ್ಲಿ ಸರದಿ ಹೇಳುವವನು ಕರಿಯಣ್ಣನೇ. ಅಕ್ಕಪಕ್ಕದ ಹಟ್ಟಿಯವರು ಕೇಳಿದರೆ, ತಾನು ಮಾಡಿದ ತಪ್ಪನ್ನು ಮೊದಲು ಹೇಳಿ ಆಮೇಲೆ ಉಳಿದದ್ದನ್ನು ಹೇಳುತ್ತಾನೆ.

ಅಣ್ಣಂದಿರೇ, ಅಕ್ಕಂದಿರೇ, ನಿಮ್ಮೂರಿನ ಗೋಮಾಳದಲ್ಲಿ ಒಂದು ಬುಡ ಹುಲ್ಲು ಕಿತ್ತು ನೋಡಿ. ಬೇರು ಗಿಡ್ಡವಾಗಿದ್ದರೆ ಎಲ್ಲರೂ ಕುಳಿತು ಸರದಿ ಗೊತ್ತು ಮಾಡಿಕೊಳ್ಳಿ. ಮೇವಿಲ್ಲದ ದಿನಗಳಿಗೆ ಮೊದಲೇ ದಾರಿ ಹುಡುಕಿಡಿ. ಕಾರ್ಬನ್ ಯೋಜನೆ ಎಂದು ಯಾರಾದರೂ ಕಾಗದ ತಂದರೆ ಪೂರ್ತಿ ಓದಿಸಿ ಕೇಳಿ. ಮೇಯಿಸುವ ನಿಮ್ಮ ಹಕ್ಕು ಅದರಲ್ಲಿ ಬರೆದಿದ್ದರೆ ಮಾತ್ರ ಹೆಬ್ಬೆಟ್ಟು ಒತ್ತಿ.