ನರಿಪಳ್ಳದಲ್ಲಿ ಅರುಂಧತಿ

ಹರೂರಿನ ಸಂತೆಬೀದಿಯಲ್ಲಿ ನಂಜಯ್ಯನ ಫೋಟೋ ಅಂಗಡಿ ಇತ್ತು. ಅಂಗಡಿ ಎಂದರೆ ಮುಂದೆ ಹಂಸ, ಕೊಳ ಬರೆದ ಪರದೆ ಕಟ್ಟಿದ ಒಂದು ಕೋಣೆ, ಅದರ ಹಿಂದೆಯೇ ಮನೆ. ಮದುವೆಯಾದವರೂ ಅವನ ಗಿರಾಕಿಗಳು, ಸತ್ತವರೂ ಅವನ ಗಿರಾಕಿಗಳು. ಸತ್ತವರು ಅಲುಗಾಡುವುದಿಲ್ಲ, ಅವರೇ ವಾಸಿ ಎಂದು ನಗಿಸುತ್ತಿದ್ದ. ಹೆಂಡತಿ ಹಾಸಿಗೆ ಹಿಡಿದ ಮೇಲೆ ಆ ಮಾತು ಬಿಟ್ಟ.

ಹೆಂಡತಿ ರಾಮಕ್ಕ ಅಂಗಡಿಯ ಅರ್ಧ ಕೆಲಸ ಹೊತ್ತವಳು. ಫೋಟೋ ಮೂಡಿದ, ತೊಳೆದು ಒಣಗಿಸಿದ ಗಾಜಿನ ಪ್ಲೇಟನ್ನು ಕಿಟಕಿಗೆ ಒರಗಿಸಿ, ಮೊನೆ ಮಾಡಿದ ಪೆನ್ಸಿಲಿನಿಂದ ಗಿರಾಕಿಗಳ ಮುಖ ತಿದ್ದುತ್ತಿದ್ದಳು. ಸಿಡುಬಿನ ಕಲೆ ಮಾಯ, ಕಣ್ಣ ಕೆಳಗಿನ ಕಪ್ಪು ಮಾಯ. ಹರೂರಿನ ಎಷ್ಟೋ ಗಂಡುಗಳಿಗೆ ಹೆಣ್ಣು ಸಿಕ್ಕಿದ್ದು ಅವಳ ಪೆನ್ಸಿಲಿನಿಂದ. ಅಂಥವಳಿಗೆ ಕೆಮ್ಮು ಬಂತು, ಕೆಮ್ಮಿನಲ್ಲಿ ರಕ್ತ ಬಂತು. ಡಾಕ್ಟರು ಕ್ಷಯ ಎಂದರು. ಹಾಲು, ಮೊಟ್ಟೆ, ಗಾಳಿ, ಔಷಧಿ ಎಂದರು.

ರಾಮಕ್ಕ ಹೆದರುವ ಪೈಕಿಯಲ್ಲ. ಕೊಟ್ಟಿದ್ದನ್ನು ತಿನ್ನುತ್ತಿದ್ದಳು, ಕಹಿ ಔಷಧಿಯನ್ನು ಮುಖ ಸಿಂಡರಿಸದೆ ಕುಡಿಯುತ್ತಿದ್ದಳು. ನಾಲ್ಕು ವರ್ಷದ ಮಗಳು ಅಂಜಮ್ಮ ಬಾಗಿಲ ಬಳಿ ಕೂತು ಆಡುವುದನ್ನು ಹಾಸಿಗೆಯಿಂದಲೇ ನೋಡುತ್ತಿದ್ದಳು. ಹತ್ತಿರ ಬರಬಾರದೆಂದು ಡಾಕ್ಟರು ಹೇಳಿದ್ದರಿಂದ ಹೊಸ್ತಿಲೇ ತಾಯಿ ಮಗಳ ನಡುವಿನ ಗಡಿ. ಇಬ್ಬರೂ ಆ ಗಡಿಯ ಎರಡು ಕಡೆ ಕೂತು ದಿನವಿಡೀ ಮಾತಾಡುತ್ತಿದ್ದರು.

ವೈಶಾಖದ ಸೆಕೆಗೆ ಸಂಜೆ ಹೊತ್ತು ರಾಮಕ್ಕನ ಚಾಪೆಯನ್ನು ಅಂಗಳಕ್ಕೆ ತರುವುದು ರೂಢಿಯಾಯಿತು. ಒಂದು ಸಂಜೆ ಪಕ್ಕದ ಮನೆಯ ಪೆದ್ದಮ್ಮ ಬಂದು ಕೂತಳು. ಒಳ್ಳೆಯ ಹೆಂಗಸು, ಆದರೆ ನಾಲಿಗೆಗೆ ಬೀಗ ಇಲ್ಲ. ಎಲೆ ಅಡಿಕೆ ಜಗಿಯುತ್ತಾ ಆಕಾಶ ನೋಡಿ, “ಅಗೋ ಅರುಂದತಿ, ಏಸು ಬೆಳ್ಳಗೈತೆ ನೋಡು ರಾಮಕ್ಕ” ಎಂದಳು.

ರಾಮಕ್ಕ ನೋಡಿದಳು. ಕಾಣಲಿಲ್ಲ.

“ಕಾಣಾಕಿಲ್ವಾ? ಅಯ್ಯೋ ಪಾವಂ, ಅರುಂದತಿ ಕಾಣ್ದೋರ್ಗೆ ಆರ್ ತಿಂಗ್ಳು ಅಂತ ನಮ್ಮವ್ವ…” ಎಂದು ಪೆದ್ದಮ್ಮ ಅರ್ಧಕ್ಕೆ ನಾಲಿಗೆ ಕಚ್ಚಿಕೊಂಡಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ನಂಜಯ್ಯ ಓಡಿ ಬಂದು ಚಾಪೆಯ ಪಕ್ಕ ಕೂತು ಬೆರಳು ತೋರಿಸಿದ. “ಏ ರಾಮಿ, ಏಳು ಚುಕ್ಕಿ ಐತಲ್ಲ, ಅದರ ಬಾಲದಾಗೆ ನಡೂ ಚುಕ್ಕಿ. ಅದರ ಮಗ್ಗುಲಾಗೇ ಅಂಟ್ಕೊಂಡು ಕುಂತೈತೆ, ಸಣ್ಣುದು.”

“ದೊಡ್ಡದೊಂದೇ ಕಾಣ್ತೈತೆ. ನಿಮಗೆ ಕಾಣ್ತೈತಾ?”

“ಕಾಣ್ದೆ ಏನು. ಬೆಳದಿಂಗಳು ಜಾಸ್ತಿ, ಅದಕ್ಕೇ ನಿಂಗೆ ತಿಳೀತಿಲ್ಲ.”

ಸುಳ್ಳು ಹೇಳುತ್ತಿದ್ದೇನೆ ಎಂದು ಅವನಿಗೆ ಅನ್ನಿಸಲಿಲ್ಲ. ಮದುವೆಯಲ್ಲಿ ಎಲ್ಲ ಗಂಡಂದಿರೂ ಹೆಂಡತಿಗೆ ಅರುಂಧತಿ ತೋರಿಸುತ್ತಾರೆ, ಅವನೂ ತೋರಿಸಿದ್ದ. ತೋರಿಸಿದವನಿಗೆ ಕಾಣದೆ ಇರುತ್ತದೆಯೇ?

ಮಾರನೆಯ ಸಂಜೆಯೂ ರಾಮಕ್ಕನಿಗೆ ಕಾಣಲಿಲ್ಲ, ಅದರ ಮರುದಿನವೂ ಇಲ್ಲ. ಆಮೇಲೆ ಅವಳು ಹಾಲಿನ ಲೋಟವನ್ನು ಪಕ್ಕಕ್ಕೆ ಸರಿಸಿದಳು. ಔಷಧಿ ಬಾಟಲಿ ಮುಚ್ಚಳ ತೆಗೆಯದೆ ಗೂಡಿನಲ್ಲೇ ಉಳಿಯಿತು. ಬೈದರೆ ನಗುತ್ತಿದ್ದಳು. “ನೀವಿದ್ದೀರಲ್ಲ. ಅಂಜಿ ಬೆಳ್ಕೊಂತಾಳೆ. ನಂಗೆ ಅದೊಂದು ಸಾಕು” ಎನ್ನುತ್ತಿದ್ದಳು. ಆ ನಗು ಕಂಡರೆ ನಂಜಯ್ಯನಿಗೆ ತಲೆ ಚಚ್ಚಿಕೊಳ್ಳಬೇಕು ಅನ್ನಿಸುತ್ತಿತ್ತು. ರೋಗ ಇನ್ನೂ ಅರ್ಧ ದಾರಿಯಲ್ಲಿತ್ತು. ಅವಳು ಆಗಲೇ ಎದ್ದು ಅದನ್ನು ಎದುರುಗೊಳ್ಳಲು ಹೊರಟಿದ್ದಳು.

ಆಗ ಅವನಿಗೆ ಹೊಳೆದದ್ದು ಫೋಟೋ. ಅರುಂಧತಿಯ ಫೋಟೋ ಹಿಡಿದು, ದೊಡ್ಡದು ಮಾಡಿ ಕೈಗಿಟ್ಟರೆ ಕಾಣದೆ ಏನು? ಕಂಡರೆ ಹಾಲು ಕುಡಿಯುತ್ತಾಳೆ. ಬೇರೆ ಯಾರಾದರೂ ಆಗಿದ್ದರೆ ಪ್ಲೇಟಿನ ಮೇಲೆ ಪೆನ್ಸಿಲಿನಲ್ಲಿ ಎರಡು ಚುಕ್ಕಿ ಇಟ್ಟು ಅಚ್ಚು ತೆಗೆದು ಕೊಡಬಹುದಿತ್ತು. ರಾಮಕ್ಕನ ಮುಂದೆ ಆ ಆಟ ನಡೆಯುವುದಿಲ್ಲ. ಪ್ಲೇಟು ತನ್ನಿ ಎನ್ನುತ್ತಾಳೆ, ಬೆಳಕಿಗೆ ಓರೆ ಮಾಡುತ್ತಾಳೆ, ಪೆನ್ಸಿಲಿನ ಹೊಳಪು ಹಿಡಿದುಬಿಡುತ್ತಾಳೆ. ಆದ್ದರಿಂದ ನಿಜವಾದ ನಕ್ಷತ್ರವೇ ಬೇಕಾಗಿತ್ತು.

ಹುಣ್ಣಿಮೆ ಹತ್ತಿರ. ಬೆಳದಿಂಗಳು ಹಾಲು ಚೆಲ್ಲಿದಂತೆ. ಕತ್ತಲ ಪಕ್ಷದವರೆಗೆ ಕಾಯಲು ಅವನಿಗೆ ಧೈರ್ಯ ಸಾಲಲಿಲ್ಲ. ಆಳದ ಬಾವಿಯೊಳಗಿಂದ ಹಗಲಲ್ಲೂ ನಕ್ಷತ್ರ ಕಾಣುತ್ತದೆ ಎಂದು ಹಿರಿಯರು ಹೇಳಿದ್ದನ್ನು ಅವನು ಕೇಳಿದ್ದ. ಪಾಪಿರೆಡ್ಡಿಪಟ್ಟಿಯ ಆಚೆ ಬೆಟ್ಟದೊಳಗೆ ನರಿಪಳ್ಳವೆಂಬ ಕೊರಕಲು ಇದೆ. ಎರಡು ಕಡೆ ಗೋಡೆಯಂಥ ಬಂಡೆ, ಉತ್ತರಕ್ಕೆ ಬಾಯಿ. ಚಂದ್ರ ಬಂಡೆ ಏರಿ ಬರುವ ತನಕ ಒಳಗೆ ಕತ್ತಲೆ. ಅದು ಬಾವಿಗಿಂತ ವಾಸಿ ಎಂದು ಲೆಕ್ಕ ಹಾಕಿದ. ಮುಳುಗುವವನಿಗೆ ಹುಲ್ಲುಕಡ್ಡಿಯೂ ಆಸರೆ.

ಪೆದ್ದಮ್ಮನನ್ನು ಮನೆಯಲ್ಲಿ ಕೂರಿಸಿ, ಎಲ್ಲಪ್ಪನ ಗಾಡಿ ಕಟ್ಟಿಸಿಕೊಂಡು ಹೊರಟ. ಬೆಟ್ಟದ ಬುಡದಲ್ಲಿ ಎಲ್ಲಪ್ಪ ಎತ್ತು ಬಿಚ್ಚಿದ.

“ಒಳೀಕೆ ನಾ ಬರಾಕಿಲ್ಲ ಸಾಮಿ. ಚಿರ್ತೆ ಐತೆ. ಪೋಟೋ ಎತ್ತಾಕೆ ಊರಾಗೆ ಮನ್ಸರು ಸಿಕ್ಕಾಕಿಲ್ವಾ?”

“ಸಿಕ್ತಾರೆ. ನಂಗೆ ಬೇಕಾದೋರು ಇಲ್ಲಿ ಅವ್ರೆ” ಎಂದು ನಂಜಯ್ಯ ಕ್ಯಾಮೆರಾ ಪೆಟ್ಟಿಗೆಯನ್ನು ಬೆನ್ನಿಗೆ ಕಟ್ಟಿಕೊಂಡ. ಮೂರು ಕಾಲಿನ ಸ್ಟ್ಯಾಂಡು ಹೆಗಲಿಗೆ, ಲಾಂದ್ರ ಕೈಗೆ.

ಹಳ್ಳ ಬತ್ತಿತ್ತು. ಮೊದಲು ಮರಳು, ಆಮೇಲೆ ಉಂಡೆ ಕಲ್ಲು, ಆಮೇಲೆ ಮನೆಯಷ್ಟು ದೊಡ್ಡ ಬಂಡೆಗಳು. ಒಂದರ ಮೇಲೆ ಹತ್ತಿ ಇನ್ನೊಂದರಿಂದ ಜಾರಿ, ಮೊಣಕಾಲು ತರಚಿತು. ಬಿದ್ದಾಗಲೆಲ್ಲ ಪೆಟ್ಟಿಗೆಯನ್ನು ಮುಟ್ಟಿ ನೋಡಿದ, ಮೊಣಕಾಲನ್ನು ನೋಡಲಿಲ್ಲ. ಎರಡೂ ಕಡೆಯ ಬಂಡೆ ಹತ್ತಿರವಾದಂತೆ ಆಕಾಶ ಕಿರಿದಾಯಿತು. ಎಲ್ಲೋ ಮೇಲೆ ಕಲ್ಲು ಉರುಳಿದ ಸದ್ದಾಯಿತು. ಚಿರತೆಯೇ ಆಗಿರಲಿ ಎಂದುಕೊಂಡ. ಅವನಿಗೆ ಹೆದರಿಕೆಗೂ ಪುರುಸೊತ್ತಿರಲಿಲ್ಲ.

ಒಂದು ಚಪ್ಪಟೆ ಬಂಡೆಯ ಮೇಲೆ ಸ್ಟ್ಯಾಂಡು ನಿಲ್ಲಿಸಿದ. ಲಾಂದ್ರ ಆರಿಸಿ ಕತ್ತಲೆಗೆ ಕಣ್ಣು ಒಗ್ಗಿಸಿಕೊಂಡ. ಕೊರಕಲಿನ ಬಾಯಿಯಲ್ಲಿ ಏಳು ಚುಕ್ಕಿಗಳು ಸರಿಯಾಗಿ ಬಂದು ನಿಂತಿದ್ದವು. ಕಪ್ಪು ಬಟ್ಟೆಯೊಳಗೆ ತಲೆ ತೂರಿಸಿ ಅಳತೆ ನೋಡಿ, ಪ್ಲೇಟು ತೂರಿಸಿ, ಲೆನ್ಸಿನ ಮುಚ್ಚಳ ತೆಗೆದ. ಅಭ್ಯಾಸಬಲ, ಉಸಿರು ಬಿಗಿ ಹಿಡಿದ. ಆಮೇಲೆ ಅವನಿಗೇ ನಗು ಬಂತು, ಬಂಡೆಯ ಮೇಲೆ ಒರಗಿ ಕಾಯತೊಡಗಿದ.

ಕಾಯುವವನಿಗೆ ನೋಡುವುದು ಬಿಟ್ಟು ಇನ್ನೇನು ಕೆಲಸ? ಬಾಲದ ನಡುವಿನ ಚುಕ್ಕಿಯನ್ನು ನೋಡಿದ. ಅದರ ಪಕ್ಕ ಅರುಂಧತಿಯನ್ನು ಹುಡುಕಿದ.

ಇರಲಿಲ್ಲ.

ಕಣ್ಣು ಒರೆಸಿಕೊಂಡ. ಮುಷ್ಟಿಯನ್ನು ಕೊಳವೆ ಮಾಡಿ ಅದರೊಳಗಿಂದ ನೋಡಿದ. ಇಷ್ಟು ಕತ್ತಲೆ, ಇಷ್ಟು ತಿಳಿಯಾದ ಆಕಾಶ. ಇಲ್ಲಿ ಬೆಳದಿಂಗಳ ನೆಪ ಹೇಳುವಂತಿಲ್ಲ. ಒಂದೇ ಚುಕ್ಕಿ, ಅದೂ ಅಂಚು ಕದಡಿದ ಚುಕ್ಕಿ. ಮದುವೆಯ ದಿನ ನೆನಪಾಯಿತು. ನಡು ಮಧ್ಯಾಹ್ನ ಪುರೋಹಿತರು ಚಪ್ಪರದ ಆಚೆ ಕೈ ತೋರಿಸಿ ಅರುಂಧತಿ ಎಂದಿದ್ದರು, ಇವನು ಹೂಂ ಎಂದು ರಾಮಕ್ಕನಿಗೆ ತೋರಿಸಿದ್ದ. ಅವನ ಕೆಲಸವೆಲ್ಲ ಕೈಯಳತೆಯೊಳಗೆ. ದೂರದ್ದು ತನಗೆ ಕಾಣುತ್ತದೋ ಇಲ್ಲವೋ ಎಂದು ಅವನು ಈ ವಯಸ್ಸಿನವರೆಗೆ ಕೇಳಿಕೊಂಡಿರಲಿಲ್ಲ. ಕಾಣದ್ದನ್ನು ಕಾಣು ಎಂದು ಆ ರೋಗಿಯನ್ನು ಎಷ್ಟು ಗದರಿದ್ದೆ ಎಂದು ನಾಚಿಕೆಯಾಯಿತು. ಆ ಕೊರಕಲಿನೊಳಗೆ ಕೂತು ಗಟ್ಟಿಯಾಗಿ ಅತ್ತ. ಕೇಳುವವರು ಯಾರೂ ಇರಲಿಲ್ಲ, ಅದೊಂದು ಅನುಕೂಲ.

ಮುಚ್ಚಳವನ್ನು ಮಾತ್ರ ಹಾಕಲಿಲ್ಲ. ನನ್ನ ಕಣ್ಣಿಗೆ ಕಾಣದ್ದು ಲೆನ್ಸಿಗೆ ಕಂಡೀತು ಎಂಬ ಆಸೆ ಇನ್ನೂ ಇತ್ತು. ಚಂದ್ರ ಬಂಡೆಯ ಅಂಚಿಗೆ ಬಂದ ಮೇಲೆಯೇ ಮುಚ್ಚಿದ.

ಬೆಳಗ್ಗೆ ಮನೆ ಸೇರಿ, ಮುಖವನ್ನೂ ತೊಳೆಯದೆ ಕತ್ತಲೆ ಕೋಣೆಗೆ ಹೋಗಿ ಪ್ಲೇಟು ತೊಳೆದ. ಚುಕ್ಕಿಗಳಿಲ್ಲ. ಬೆಕ್ಕು ಪರಚಿದಂತೆ ಏಳು ಗೀಟುಗಳು. ಆಕಾಶ ತಿರುಗುತ್ತದೆ ಎಂಬುದು ಅವನಿಗೆ ಗೊತ್ತಿಲ್ಲದ್ದಲ್ಲ. ಅವನದು ಕುರಿ ಕಾಯುವವರ ವಂಶ, ಅವನ ತಾತ ನಕ್ಷತ್ರ ನೋಡಿಯೇ ಹೊತ್ತು ಹೇಳುತ್ತಿದ್ದ. ಆದರೆ ಅಂಗಡಿಯಲ್ಲಿ ಕೂತು ಊರಿಗೆಲ್ಲ ಅಲುಗಾಡಬೇಡಿ ಎಂದು ಗದರಿ ಗದರಿ, ಅಲುಗಾಡುವವರು ಮನುಷ್ಯರು ಮಾತ್ರ ಎಂದು ಅವನು ನಂಬಿಬಿಟ್ಟಿದ್ದ.

ರಾಮಕ್ಕ ಎಚ್ಚರವಾಗಿದ್ದಳು. “ತನ್ನಿ” ಎಂದು ಕೈ ಚಾಚಿದಳು. ಪ್ಲೇಟನ್ನು ಅಂಚಿನಲ್ಲಿ ಹಿಡಿದು ಕಿಟಕಿಗೆ ಓರೆ ಮಾಡಿ, ಹಳೆಯ ದಿನಗಳ ಹಾಗೆ ಒಂದು ಕಣ್ಣು ಮುಚ್ಚಿ ನೋಡಿದಳು.

“ನಡೂವಿಂದು ದಪ್ಪ ಗೀಟು. ಪಕ್ಕದಾಗೆ ಏನೂ ಇಲ್ಲ” ಎಂದಳು. ದನಿಯಲ್ಲಿ ದೂರಿರಲಿಲ್ಲ. ಪ್ಲೇಟನ್ನು ಹಾಸಿಗೆಯ ಮೇಲೆ ಮೆಲ್ಲಗೆ ಇಟ್ಟಳು.

ಇನ್ನು ತನ್ನ ಕೈಯಲ್ಲಿ ಉಳಿದದ್ದು ನಿಜವೊಂದೇ ಎಂದು ನಂಜಯ್ಯನಿಗೆ ಅನ್ನಿಸಿತು. ಅದನ್ನು ಔಷಧಿಯೆಂದೇ ತಿಳಿದು ಕೊಟ್ಟ. “ರಾಮಿ, ಕೇಳು. ನಂಗೂ ಕಾಣಾಕಿಲ್ಲ. ಆ ಕತ್ಲಾಗೂ ಕಾಣ್ಲಿಲ್ಲ. ಮದ್ವೇಲೂ ಕಂಡಿರ್ಲಿಲ್ಲ. ಕಣ್ಣಿನ ದೋಸ ಅಷ್ಟೇ ಕಣೇ. ಶಕುನ ಗಿಕುನ ಎಲ್ಲಾ ಸುಳ್ಳು. ನಾನು ಗಟ್ಟಿಮುಟ್ಟಾಗಿಲ್ವಾ?”

ರಾಮಕ್ಕ ಅವನ ಮುಖವನ್ನೇ ನೋಡಿದಳು. ಪ್ಲೇಟಿನಲ್ಲಿ ಕಲೆ ಹುಡುಕುವಾಗ ನೋಡುತ್ತಿದ್ದಳಲ್ಲ, ಹಾಗೆ. ಅವಳ ಮುಖದ ನೆಮ್ಮದಿ ಅವನ ಕಣ್ಣೆದುರಿಗೇ ಇಳಿದುಹೋಯಿತು.

“ನಿಮಗೂ ಕಾಣಾಕಿಲ್ವಾ” ಎಂದಳು. ಆಮೇಲೆ ಹೊಸ್ತಿಲ ಆಚೆ ನೋಡಿದಳು. ಅಲ್ಲಿ ಅಂಜಮ್ಮ ಹಳೆಯ ಪ್ಲೇಟಿನ ಡಬ್ಬಿಯಲ್ಲಿ ಮಣ್ಣು ತುಂಬುತ್ತಿದ್ದಳು. “ಹಂಗಾದ್ರೆ ಮಗಾ ಯಾರ ಕೈಗೆ?”

ಅವನಿಗೆ ಆಗ ಅರ್ಥವಾಯಿತು, ತಾನು ಏನು ಮಾಡಿದೆ ಎಂದು. ಆಣೆ ಇಟ್ಟ, ಬೈದ, ಕಾಲು ಹಿಡಿಯಲು ಹೋದ.

“ನಂಗೇನೂ ಆಗಾಕಿಲ್ಲ ರಾಮಿ.”

“ನಾನೂ ಹಂಗೇ ಅಂದ್ಕೊಂಡಿದ್ದೆ” ಎಂದಳು. “ಕಂಬೈನಲ್ಲೂರಿಗೆ ಹೇಳಿ ಕಳ್ಸಿ. ಅಣ್ಣ ಬಂದು ಕರ್ಕೊಂಡು ಹೋಗ್ಲಿ. ಆ ಮನೆಗೆ ಹೊಂದ್ಕೊಳ್ಲಿ, ನಾವಿದ್ದಾಗಲೇ.”

ಅಣ್ಣ ಮುನಿಕೃಷ್ಣಪ್ಪ ಗಾಡಿ ತಂದ. ಮಾವನ ಮನೆಯಲ್ಲಿ ಕುರಿಮರಿಗಳಿವೆ ಎಂದದ್ದಕ್ಕೆ ಅಂಜಮ್ಮ ಕುಣಿದಾಡಿದಳು. ಹೊಸ್ತಿಲ ತನಕ ಬಂದು, “ಅವ್ವಾ, ಓಗ್ಬತ್ತೀನಿ” ಎಂದು ಕೂಗಿ ಗಾಡಿ ಹತ್ತಿದಳು. ರಾಮಕ್ಕ ಗೋಡೆಯ ಕಡೆ ಹೊರಳಿ ಮಲಗಿದ್ದಳು. ಗಾಡಿಯ ಸದ್ದು ಬೀದಿ ದಾಟಿದ ಮೇಲೆ, “ಲಂಗ ಎಲ್ಲಾ ಇಟ್ಟ್ರಾ?” ಎಂದು ಕೇಳಿದಳು.

ಆಷಾಢದಲ್ಲಿ ರಾಮಕ್ಕ ತೀರಿಹೋದಳು. ಒಂದು ಸಲ ಮಗಳನ್ನು ಕರೆಸುತ್ತೇನೆ ಎಂದು ನಂಜಯ್ಯ ಎಷ್ಟು ಬೇಡಿಕೊಂಡಿದ್ದರೂ ಒಪ್ಪಿರಲಿಲ್ಲ. ಈಗ ತಾನೇ ಹೊಂದಿಕೊಂಡಿದೆ, ಕೆಡಿಸಬೇಡಿ ಎಂದಳು. ಅವನ ಕಡೆ ನೋಡುವಾಗಲೂ, ಸಾಯುವವನನ್ನು ನೋಡುವ ಹಾಗೆ ಕನಿಕರದಿಂದ ನೋಡುತ್ತಿದ್ದಳು.

ನಂಜಯ್ಯನಿಗೆ ಏನೂ ಆಗಲಿಲ್ಲ. ಮರುವರ್ಷ ಸೇಲಂಗೆ ಹೋಗಿ ಕನ್ನಡಕ ಕೊಂಡ.