ಗಂಡಸರ ಸಾಲಿನಲ್ಲಿ

ನನಗೆ ಮೂಗಿನ ತುದಿಯಲ್ಲೇ ಕೋಪ. ಅದಿಲ್ಲದಿದ್ದರೆ ನಲವತ್ತೊಂದರ ದಸರೆಗೆ ನಾವು ಮೈಸೂರಿಗೆ ಹೋಗುತ್ತಲೇ ಇರಲಿಲ್ಲ.

ನಮ್ಮ ಯಜಮಾನರು ಷಡಕ್ಷರಪ್ಪನವರಿಗೆ ಹೊಳೆನರಸೀಪುರದ ಪೇಟೆಯಲ್ಲಿ ಜವಳಿ ಅಂಗಡಿ. ಮನೆಯ ಮುಂಭಾಗವೇ ಅಂಗಡಿ. ಆ ವರ್ಷ ಅವರ ಕಣ್ಣು ಹೋಯಿತು. ನರ ಒಣಗಿದೆ, ಕನ್ನಡಕದಿಂದಲೂ ಆಗದು ಎಂದರು ಹಾಸನದ ಡಾಕ್ಟರು. ಹಗಲೋ ಇರುಳೋ ತಿಳಿಯುವಷ್ಟೇ ಉಳಿದಿತ್ತು. ಆದರೂ ಊರಿಗೆ ಗೊತ್ತಾಗಲಿಲ್ಲ. ಸೀರೆಯ ಅಂಚನ್ನು ಹೆಬ್ಬೆರಳಿನಿಂದ ಸವರಿ ಇದು ಇಂಥ ಊರಿನ ಮಗ್ಗದ್ದು ಎನ್ನುತ್ತಿದ್ದರು. ಬಣ್ಣದ ಮಾತು ಬಂದರೆ ನಾನು ಒಳಬಾಗಿಲಲ್ಲಿ ನಿಂತು ಹೇಳುತ್ತಿದ್ದೆ.

"ಕಣ್ ಇಲ್ದೋನ ಅಂಗಡಿಗೆ ಯಾರ್ ಬತ್ತಾರೆ? ಯಾರ್ಗೂ ಯೋಳ್ಬ್ಯಾಡ" ಎಂದು ಕೊರಳ ಲಿಂಗ ಮುಟ್ಟಿಸಿ ಆಣೆ ಮಾಡಿಸಿಕೊಂಡಿದ್ದರು.

ಅಂಗಡಿ ಬಾಗಿಲು ಹಾಕಿದ ಮೇಲೆ ಗೋಡೆಗೆ ಮುಖ ಮಾಡಿ ಕೂರುತ್ತಿದ್ದರು. ನಾಟಕವೆಂದರೆ ಊಟ ಬಿಡುತ್ತಿದ್ದ ಮನುಷ್ಯ, ಹಾಡು ಗುನುಗುವುದನ್ನೂ ಬಿಟ್ಟರು. ನೋಡಿ ನೋಡಿ ಒಂದು ದಿನ ನನಗೆ ಕೋಪ ನೆತ್ತಿಗೇರಿತು.

"ಮೈಸೂರ್ಗೆ ನಾಟಕದ ಕಂಪ್ನಿ ಬಂದದಂತೆ. ಎಲ್ಡ್ ದಿನ ಓಗ್ಬರಾನ," ಎಂದೆ.

"ನಂಗ್ಯಾಕೆ ನಾಟ್ಕ? ಪರದೆ ಎದ್ರೂ ಒಂದೇ, ಬಿದ್ರೂ ಒಂದೇ."

"ಎದ್ದಾಗ ನಾನ್ ಯೋಳ್ತೀನಿ. ಒರ್ಡಿ."

ಮೊದಲ ದಿನ ವಸ್ತುಪ್ರದರ್ಶನದಲ್ಲಿ ಅಲೆದು ಮಠದಲ್ಲಿ ತಂಗಿದೆವು. ಮರುದಿನ ಮಧ್ಯಾಹ್ನದ ಆಟಕ್ಕೆ ಹೋದರೆ, ಬಾಗಿಲಲ್ಲಿದ್ದವನು "ಹೆಂಗಸರು ಆ ಕಡೆ" ಎಂದು ಬಿದಿರು ತಟ್ಟಿಯ ಮರೆಯತ್ತ ಕೈ ತೋರಿಸಿದ. ಆ ಪದ್ಧತಿ ನನಗೆ ಗೊತ್ತಿರಲಿಲ್ಲವೆಂದಲ್ಲ. ಅಷ್ಟು ದೊಡ್ಡ ಪಟ್ಟಣದಲ್ಲಿ ಯಾರು ಕೇಳುತ್ತಾರೆ ಎಂದುಕೊಂಡಿದ್ದೆ. ಕೇಳಿಸದವಳಂತೆ ಯಜಮಾನರ ಮೊಣಕೈ ಹಿಡಿದು ಗಂಡಸರ ಸಾಲಿಗೇ ನಡೆದು, ಅವರ ಪಕ್ಕದಲ್ಲಿ ಕೂತೆ.

ಹಿಂದೆ ಗೊಣಗು ಶುರುವಾಯಿತು. "ನಾಚ್ಕೆ ಬಿಟ್ಟೋಳು" ಎಂದ ಒಬ್ಬ. "ಗಂಡನ್ನ ಸೆರಗಿಗೆ ಗಂಟ್ ಆಕ್ಕೊಂಡವ್ಳೆ" ಎಂದ ಇನ್ನೊಬ್ಬ. ಒಂದು ಮಾತು ಹೇಳಿದ್ದರೆ ಎಲ್ಲರ ಬಾಯಿ ಮುಚ್ಚುತ್ತಿತ್ತು. ಆಣೆ ಇತ್ತಲ್ಲ, ಹೇಳಲಿಲ್ಲ. ಬೈದುಕೊಳ್ಳಲಿ ಎಂದು ಹಲ್ಲು ಕಚ್ಚಿ ಕೂತೆ. ಅಷ್ಟರಲ್ಲಿ ಮುಂದಿನ ಸಾಲಿನಿಂದ ಒಂದು ತಲೆ ತಿರುಗಿತು. ನಮ್ಮ ಪೇಟೆಯ ಪಾಪಯ್ಯ, ಎದುರಂಗಡಿಯ ಜವಳಿ ವ್ಯಾಪಾರಿ. ಇವನಿಗೆ ಗೊತ್ತಾದರೆ ಇಡೀ ಪೇಟೆಗೆ ಗೊತ್ತಾದಂತೆ.

"ಪಾಪಯ್ಯ ಅವ್ನೆ," ಎಂದು ಯಜಮಾನರ ಕಿವಿಯಲ್ಲಿ ಉಸುರಿದೆ.

"ನೀನ್ ಆ ಕಡೀಕ್ ಓಗು," ಎಂದರು.

"ಓಗಾಕಿಲ್ಲ."

"ನೀಲಾಂಬಿಕಕ್ಕ, ಪರಸ್ಥಳದಲ್ಲಿ ಊರ್ ಮರ್ವಾದೆ ಕಳೀಬ್ಯಾಡಿ," ಎಂದ ಪಾಪಯ್ಯ. "ಅಣ್ಣ, ನೀವಾರ ಯೋಳಿ."

ಕಂಪನಿಯ ಮ್ಯಾನೇಜರೂ ಬಂದ. ನಾನು ಏಳುವ ತನಕ ಪರದೆ ಏಳುವುದಿಲ್ಲ ಎಂದ. ಮಂದಿಯೆಲ್ಲ ನನ್ನನ್ನೇ ನೋಡುತ್ತಿದ್ದರು. ನಾನು ಕುರ್ಚಿಯ ಕೈಗಳನ್ನು ಬಿಗಿಯಾಗಿ ಹಿಡಿದುಕೊಂಡೆ. ಎತ್ತಿ ಹಾಕುವುದಾದರೆ ಹಾಕಲಿ.

ಆಗ ನಮ್ಮವರು ಎದ್ದು ನಿಂತರು. ನನ್ನನ್ನು ಬೈಯುತ್ತಾರೆಂದೇ ಅಂದುಕೊಂಡೆ.

"ನಂಗೆ ಕಣ್ ಕಾಣಾಕಿಲ್ಲ ಸಾ," ಎಂದರು, ಕೊನೆಯ ಸಾಲಿಗೂ ಕೇಳುವಷ್ಟು ಗಟ್ಟಿಯಾಗಿ. "ಪಾಪಯ್ಯ, ನೀನೂ ಕೇಳುಸ್ಕೊ. ಆರ್ ತಿಂಗ್ಳಾಯ್ತು. ಅಲ್ ನಡಿಯಾದ್ನ ಇವ್ಳೇ ನಂಗೆ ಯೋಳ್ಬೇಕು. ಇವ್ಳು ಇಲ್ಲೇ ಕೂತಿರ್ತಾಳೆ."

ಪಾಪಯ್ಯ ತಲೆ ತಗ್ಗಿಸಿದ. ಮ್ಯಾನೇಜರು ಪರದೆಯ ಹಿಂದಕ್ಕೆ ಹೋದ. ಗಂಟೆ ಹೊಡೆಯಿತು, ಪರದೆ ಎದ್ದಿತು.

ಅಷ್ಟೊಂದು ಬೈಗುಳಕ್ಕೂ ಬರದ ಕಣ್ಣೀರು ಆಗ ಕೋಡಿ ಹರಿಯಿತು.

"ಏನ್ ನಡೀತಾ ಅದೆ? ಯೋಳು," ಎಂದು ಅವರು ನನ್ನ ಕೈ ತಟ್ಟಿದರು.

ನನಗೂ ಏನೂ ಕಾಣುತ್ತಿರಲಿಲ್ಲ. "ವಸಿ ತಾಳಿ," ಎಂದೆ. ಸೆರಗಿನಿಂದ ಕಣ್ಣು ಒರೆಸಿಕೊಂಡು ಹೇಳತೊಡಗಿದೆ.