ಮೂರನೇ ಬಾಟಲಿ

ನಲವತ್ತೆರಡು. ಎರಡು ವರ್ಷದಿಂದ ಈ ಅಂಕಿಯ ಆಸುಪಾಸಿನಲ್ಲೇ ನಾನು ಸವೆದುಹೋಗಿದ್ದೆ. ಹನ್ನೊಂದು ಕಾರ್ಖಾನೆಗಳ ಕೊಳಕು ನೀರು ನಮ್ಮ ಶುದ್ಧೀಕರಣ ಘಟಕಕ್ಕೆ ಬರುತ್ತದೆ. ನಾವು ಅದನ್ನು ತಿಳಿಮಾಡಿ ಹೊಳೆಗೆ ಬಿಡುತ್ತೇವೆ. ಬಿಡುವ ನೀರು ಮೂವತ್ತರ ಮಿತಿ ದಾಟಬಾರದು ಎಂಬುದು ಕಾನೂನು. ಅಳೆಯುವವಳು ನಾನು, ಬೈಸಿಕೊಳ್ಳುವವಳೂ ನಾನೇ.

ಅಳೆಯುವ ರೀತಿ ಸರಳ. ಕೊಳೆ ತಿಂದು ಬದುಕುವ ಸೂಕ್ಷ್ಮಜೀವಿಗಳ ಜೊತೆ ನೀರನ್ನು ಬಾಟಲಿಯಲ್ಲಿ ಭದ್ರವಾಗಿ ಮುಚ್ಚಿ, ಕತ್ತಲೆ ಪೆಟ್ಟಿಗೆಯಲ್ಲಿ ಐದು ದಿನ ಇಡಬೇಕು. ಅವು ಎಷ್ಟು ಆಮ್ಲಜನಕ ಎಳೆದುಕೊಂಡವು ಎಂಬುದೇ ಲೆಕ್ಕ. ಹೆಚ್ಚು ಎಳೆದುಕೊಂಡರೆ ತಿನ್ನಲು ಹೆಚ್ಚು ಕೊಳೆ ಇತ್ತೆಂದು ಅರ್ಥ. ಒಂದೇ ನೀರನ್ನು ಮೂರು ಬಾಟಲಿಗಳಿಗೆ ಹಾಕಿ, ಒಂದಕ್ಕಿಂತ ಒಂದು ತೆಳುವಾಗುವಂತೆ ಶುದ್ಧ ನೀರು ಬೆರೆಸುತ್ತೇವೆ. ಬೆರೆಸಿದ್ದನ್ನು ಲೆಕ್ಕಕ್ಕೆ ಹಿಡಿದ ಮೇಲೆ ಮೂರೂ ಹೆಚ್ಚುಕಡಿಮೆ ಒಂದೇ ಅಂಕಿ ಹೇಳಬೇಕು.

ಘಟಕದಿಂದ ಒಂದು ಮೈಲಿ ಕೆಳಗೆ, ಹೊಳೆಯ ದಡದಲ್ಲೇ ನನ್ನ ಅಕ್ಕನ ಮನೆ. ಭಾವ ತೀರಿಕೊಂಡ ಮೇಲೆ ಅವಳ ಬದುಕೆಲ್ಲ ನೂರಿಪ್ಪತ್ತು ಬಾತುಕೋಳಿಗಳ ಮೇಲೆ ನಿಂತಿತ್ತು. ನನ್ನ ಮಾತು ಕೇಳಿ ಅವುಗಳನ್ನು ಎರಡು ವರ್ಷದಿಂದ ಬೇಲಿಯೊಳಗೇ ಕೂಡಿಹಾಕಿ, ಬೀದಿ ನಲ್ಲಿಯಿಂದ ನೀರು ಹೊತ್ತು ತಂದು ಹಾಕುತ್ತಿದ್ದಳು. ಬೆನ್ನು ಬಾಗಿಹೋಗಿತ್ತು.

“ಹೊಳೆ ಯಾವಾಗ ಸರಿಹೋಗುತ್ತೆ ಕಣೇ?” ಸಿಕ್ಕಾಗಲೆಲ್ಲ ಇದೇ ಪ್ರಶ್ನೆ.

“ಮೂವತ್ತರೊಳಗೆ ಬಂದ ದಿನ ನಾನೇ ಫೋನ್ ಮಾಡ್ತೀನಿ ಅಕ್ಕ.”

“ನನಗೇನೋ ಅರ್ಥವಾಗುತ್ತೆ. ಅವಕ್ಕೆ ಹೇಳೋರು ಯಾರು? ಬೇಲಿ ಹತ್ರ ನಿಂತು ಹೊಳೆ ನೋಡ್ತಾ ಇಡೀ ದಿನ ನನ್ನ ಬೈತವೆ.”

ಹೊಸ ಬಾಟಲಿಗಳನ್ನು ಪೆಟ್ಟಿಗೆಯಲ್ಲಿಟ್ಟ ವಾರ ಗಾಳಿ ಅಜ್ಜ ಚಹಾ ಕುಡಿಯಲು ಬಂದ. ಸೂಕ್ಷ್ಮಜೀವಿಗಳು ಕೊಳೆ ತಿಂದು ನೀರು ತಿಳಿಮಾಡುವ ತೊಟ್ಟಿಗೆ ಗಾಳಿ ಊದುವ ಯಂತ್ರ ನೋಡಿಕೊಳ್ಳುವವನಾದ್ದರಿಂದ ಅವನಿಗೆ ಆ ಹೆಸರು.

“ತೊಟ್ಟಿಯಿಂದ ಯಾಕೋ ಎಂದಿನ ವಾಸನೆ ಬರ್ತಿಲ್ಲ ಕಣಮ್ಮ,” ಅಂದ.

“ಮೂವತ್ತು ವರ್ಷ ಇಲ್ಲೇ ಇದ್ದು ನಿಮ್ಮ ಮೂಗು ಸತ್ತುಹೋಗಿದೆ ಬಿಡಿ ಅಜ್ಜ,” ಅಂದೆ. ಅವನೂ ನಕ್ಕ.

ಐದನೇ ದಿನ ಪೆಟ್ಟಿಗೆ ತೆರೆದೆ. ಮೊದಲನೇ ಬಾಟಲಿ ನಾಲ್ಕು. ಎರಡನೆಯದು ಐದು. ಎಲ್ಲಕ್ಕಿಂತ ತೆಳುವಾಗಿದ್ದ ಮೂರನೆಯದು ಮಾತ್ರ ಅರವತ್ತೊಂದು ಹೇಳಿತು. ತೊಳೆಯುವಾಗ ಸೋಪು ಉಳಿದಿರಬೇಕು ಅಂದುಕೊಂಡೆ. ಸೋಪನ್ನೂ ಅವು ತಿನ್ನುವುದರಿಂದ ಹಾಗೆ ಆಗುವುದುಂಟು. ಅದರ ಮೇಲೆ ಗೆರೆ ಎಳೆದು ನಾಲ್ಕು ಎಂದು ಬರೆದು ಸಹಿ ಹಾಕಿದೆ. ಮ್ಯಾನೇಜರ್ ಮುಖ ಅರಳಿತು. ಅವರು ಬಾಗಿಲು ದಾಟುವ ಮೊದಲೇ ಅಕ್ಕನಿಗೆ ಫೋನ್ ಮಾಡಿದ್ದೆ.

“ಮೂವತ್ತಲ್ಲ ಅಕ್ಕ, ನಾಲ್ಕು. ಧೈರ್ಯವಾಗಿ ಬಿಡು.”

ಮಾರನೆಯ ಬೆಳಿಗ್ಗೆ ಅವಳು ಫೋನಿನಲ್ಲಿ “ಬಾ” ಎಂದಷ್ಟೇ ಹೇಳಿದಳು.

ದಡದುದ್ದಕ್ಕೂ ಬಾತುಕೋಳಿಗಳು ಕತ್ತು ಚಾಚಿ ಬಿದ್ದಿದ್ದವು. ಕೆಲವು ಇನ್ನೂ ನೀರಿನಲ್ಲಿ ತೇಲುತ್ತಿದ್ದವು. ಹೊಳೆ ಮಾತ್ರ ತಳದ ಕಲ್ಲು ಕಾಣುವಷ್ಟು ತಿಳಿಯಾಗಿತ್ತು. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ನನಗೆ ಹೇಳಿಕೊಟ್ಟವಳೇ ಈ ಅಕ್ಕ.

ಅಲ್ಲೇ ನಿಂತಾಗ ಎಲ್ಲ ಹೊಳೆಯಿತು. ಲೋಹಕ್ಕೆ ಮಿರುಗು ಕೊಡುವ ಹೊಸ ಕಾರ್ಖಾನೆಯೊಂದು ಹದಿನೈದು ದಿನದ ಹಿಂದೆ ನಮ್ಮ ಕೊಳವೆಗೆ ಸೇರಿತ್ತು. ಅದರ ನೀರಿನಲ್ಲಿದ್ದ ಸೈನೈಡ್ ವಿಷವು ತೊಟ್ಟಿಯ ಸೂಕ್ಷ್ಮಜೀವಿಗಳನ್ನೆಲ್ಲ ಕೊಂದಿತ್ತು. ನನ್ನ ಬಾಟಲಿಯೊಳಗಿನವನ್ನೂ ಕೊಂದಿತ್ತು. ಸತ್ತವು ಉಸಿರಾಡುವುದಿಲ್ಲ, ಹಾಗಾಗಿಯೇ ನಾಲ್ಕು. ಮೂರನೇ ಬಾಟಲಿಯಲ್ಲಿ ವಿಷ ತೆಳುವಾಗಿದ್ದರಿಂದ ಅವು ಬದುಕಿ ನಿಜ ಹೇಳಿದ್ದವು. ಆ ನಿಜದ ಮೇಲೆ ನಾನು ಗೆರೆ ಎಳೆದಿದ್ದೆ. ಓದುವಾಗ ಇದನ್ನೆಲ್ಲ ಬಾಯಿಪಾಠ ಮಾಡಿದ್ದವಳು ನಾನು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ಓಡಿಹೋಗಿ ಮ್ಯಾನೇಜರ್‌ಗೆ ಹೇಳಿದೆ.

“ನಾಲ್ಕು ಅಂತ ಸಹಿ ಹಾಕಿದ್ದು ನೀವೇ ಅಲ್ವಾ ಮೇಡಂ?” ಅಂದರು. “ಮಿತಿ ಮೂವತ್ತು. ನಾವು ಯಾವ ಕಾನೂನು ಮುರಿದಿದ್ದೀವಿ ಹೇಳಿ?”

ಮೂರನೇ ಬಾಟಲಿಯ ಅಂಕಿ ಬರೆದು ಮಾಲಿನ್ಯ ನಿಯಂತ್ರಣ ಕಚೇರಿಗೆ ಕಳಿಸಿದೆ. ಕೆಲವು ದಿನಗಳಲ್ಲಿ ಅವರು ಆ ಕಾರ್ಖಾನೆಯ ಕೊಳವೆ ಮುಚ್ಚಿಸಿದರು. ಮ್ಯಾನೇಜರ್ ನನ್ನನ್ನೂ ಕೆಲಸದಿಂದ ತೆಗೆದರು, ಅದಕ್ಕೆ ನನಗೆ ಬೇಸರವಿಲ್ಲ.

ಬಾತುಕೋಳಿಗಳು ಸತ್ತ ದಿನವೇ ಸಂಜೆ ಅಕ್ಕ ಹಿತ್ತಲಲ್ಲಿ ಗುಂಡಿ ತೋಡುತ್ತಿದ್ದಳು. ಗುದ್ದಲಿ ಕೊಡು ಅಂದೆ, ಕೊಡಲಿಲ್ಲ. ನಿಂತುಕೊಂಡೇ ಒಂದನ್ನೂ ಮುಚ್ಚಿಡದೆ ಹೇಳಿದೆ. ಅವಳು ನಿಲ್ಲಿಸದೆ ಅಗೆಯುತ್ತಲೇ ಕೇಳಿಸಿಕೊಂಡಳು.

“ಮೂರನೇದು ಬೇರೆ ಹೇಳ್ತಿದೆ ಅಂತ ಅವತ್ತೇ ನೋಡಿದ್ಯಾ?”

“ನೋಡಿದ್ದೆ.”

“ಇನ್ನೊಂದು ಸಲ ಪರೀಕ್ಷೆ ಮಾಡೋಕೆ ಎಷ್ಟು ದಿನ ಬೇಕಿತ್ತು?”

“ಐದು ದಿನ.”

ಅವಳು ಗುದ್ದಲಿ ಕೆಳಗಿಟ್ಟು ಮೊದಲ ಬಾರಿಗೆ ನನ್ನ ಮುಖ ನೋಡಿದಳು.

“ಎರಡು ವರ್ಷ ಕಾದಿದ್ದೆ ನಾನು,” ಅಂದಳು. “ಇನ್ನು ಐದು ದಿನ ಕಾಯ್ತಿರಲಿಲ್ವಾ?”